ಒಲೆಯ ಮುಂದಿನ ಕೆಂಪು ಗೆರೆ

ಅಡುಗೆಮನೆಯ ಕಿಟಕಿಯಾಚೆ ಒಂದು ಮೊಬೈಲು. ಅದರ ಹಿಂದೆ ಒಂದು ಗಂಡಸಿನ ಮುಖ.

ಹಿಟ್ಟು ಕಲಸುತ್ತಿದ್ದ ಅವಳ ಕೈ ಹಾಗೇ ನಿಂತಿತು. ಗಿಡ್ಡ ಮೇಜಿನ ಸುತ್ತ ಮಕ್ಕಳು ಬಟಾಣಿ ಸುಲಿಯುತ್ತಿದ್ದರು. ಅರ್ಧ ಪಾತ್ರೆಗೆ, ಅರ್ಧ ಬಾಯಿಗೆ.

"ಯಾರ್ರೀ ಅದು?"

ಮೊಬೈಲು ತಟ್ಟನೆ ಜೇಬು ಸೇರಿತು.

"ನಾನು... ಮೆಣಸೂನ ಮಾವ. ಅವಳನ್ನ ಕರ್ಕೊಂಡು ಹೋಗೋಕೆ ಬಂದೆ."

"ಬಾಗಿಲು ಆ ಕಡೆ ಇದೆ."

"ಗೊತ್ತು," ಎಂದ ಆತ.

ಗೊತ್ತಿದ್ದವನಿಗೆ ಕಿಟಕಿಯ ಹತ್ತಿರ ಏನು ಕೆಲಸ? ಅವಳು ಮುಖ ಗಂಟಿಕ್ಕಿಕೊಂಡೇ ಮಗುವಿನ ಚೀಲ ತಂದುಕೊಟ್ಟಳು. ಮೆಣಸು ಅಂದರೆ ನಾಲ್ಕು ವರ್ಷದ ಪೋರಿ, ಆಳಿಗಿಂತ ಬಾಯಿ ದೊಡ್ಡದು. ತಾಯಿ ಎರಡನೇ ಹೆರಿಗೆಗೆ ಮೊದಲೇ ಆಸ್ಪತ್ರೆ ಸೇರಿದ್ದಳು, ಅಪ್ಪ ಅಲ್ಲೇ ಜೊತೆಗಿದ್ದ. ಹಾಗಾಗಿ ಮಗು ಈಗ ಸೋದರಮಾವನ ಪಾಲಿಗೆ ಬಂದಿತ್ತು. ಮಾವನದು ಮುಂದಿನ ಬೀದಿಯಲ್ಲಿ ಕನ್ನಡಕದ ಅಂಗಡಿ.

ಅವಳು ತನ್ನ ಮನೆಯಲ್ಲೇ, ಕೆಲಸಕ್ಕೆ ಹೋಗುವವರ ಮಕ್ಕಳನ್ನು ನೋಡಿಕೊಳ್ಳುತ್ತಿದ್ದಳು. ಮಕ್ಕಳಿಗೆಲ್ಲ ಅವಳು ಚಿಕ್ಕಮ್ಮ. ಬೇರೆ ಕಡೆ ಟಿವಿ ಹಾಕಿ ಕೂರಿಸಿದರೆ, ಇಲ್ಲಿ ಮಧ್ಯಾಹ್ನದ ಅಡುಗೆಗೆ ಮಕ್ಕಳದೇ ಕೈ. ಸೊಪ್ಪು ಹರಿಯುವುದು, ಬಾಳೆಹಣ್ಣು ಹಿಸುಕುವುದು, ಹಿಟ್ಟು ನಾದುವುದು ಎಲ್ಲ ಅವರೇ. ಒಲೆಯ ಮುಂದೆ ಮಾತ್ರ ನೆಲಕ್ಕೆ ಅಗಲವಾದ ಕೆಂಪು ಟೇಪು ಅಂಟಿಸಿದ್ದಳು. ಕೈ ತೊಳೆದು, ಹಿಂದೆ ಮುಂದೆ ತಿರುಗಿಸಿ ತೋರಿಸಿ, ಚಿಕ್ಕಮ್ಮ 'ಬಾ' ಎನ್ನುವ ತನಕ ಆ ಗೆರೆಯನ್ನು ಯಾರೂ ದಾಟುವಂತಿಲ್ಲ. ಒಲೆ ಉರಿಯುವಾಗ ಆ 'ಬಾ' ಕೂಡ ದೊಡ್ಡವರಿಗೆ ಮಾತ್ರ. ಕರೆದುಕೊಂಡು ಹೋಗಲು ಬಂದವರು ಹೊರಗಿನ ಜಗಲಿಯಲ್ಲೇ ಕಾಯಬೇಕು.

ಅದೇ ವಾರ ಪರವಾನಗಿ ಕೊಡುವ ಕಚೇರಿಯಿಂದ ಫೋನು ಬಂತು.

"ಚಿಕ್ಕ ಮಕ್ಕಳ ಕೈಲಿ ಅಡುಗೆ ಮಾಡಿಸ್ತೀರಂತಲ್ಲ? ನಮಗೊಂದು ಫೋನ್ ಬಂದಿತ್ತು. ಸೋಮವಾರ ನೋಡೋಕೆ ಬರ್ತೀವಿ. ಸರಿ ಇಲ್ಲ ಅಂದ್ರೆ ಪರವಾನಗಿ ರದ್ದಾಗುತ್ತೆ."

ಫೋನು ಇಟ್ಟ ಅವಳು ಕಿಟಕಿಯ ಕಡೆ ನೋಡಿದಳು. ತನಗೂ ಅಮ್ಮನಿಗೂ ಅನ್ನ ಹುಟ್ಟುತ್ತಿದ್ದದ್ದು ಈ ಮಕ್ಕಳಿಂದಲೇ.

'ಅವನೇ... ಆ ಕಿಟಕಿಯವನೇ.'

ಅನುಮಾನ ಒಮ್ಮೆ ಹೊಕ್ಕರೆ ಮುಗಿಯಿತು, ಎಲ್ಲವೂ ಅದಕ್ಕೇ ಸಾಕ್ಷಿ ಹೇಳುತ್ತದೆ. ಆತ ದಿನವೂ ಹೊತ್ತಿಗೆ ಮುಂಚೆಯೇ ಬಂದು ಜಗಲಿಯಲ್ಲಿ ಕೂರುತ್ತಿದ್ದ. ಏನೋ ಹೇಳಲು ಬಾಯಿ ತೆರೆಯುತ್ತಿದ್ದ, ಮುಚ್ಚುತ್ತಿದ್ದ. ಕೊನೆಗೆ ಕೇಳುತ್ತಿದ್ದದ್ದು ಇಂಥದ್ದು:

"ಮಕ್ಕಳಿಗೆ ಕೊಡೋ ಚಾಕು... ಹರಿತ ಇರುತ್ತಾ?"

"ಯಾಕೆ, ಯಾರಿಗಾದ್ರೂ ವರದಿ ಒಪ್ಪಿಸ್ಬೇಕಾ?"

ಆತ ಕೂತು ಮಗುವಿನ ಚಪ್ಪಲಿಯ ಪಟ್ಟಿ ಹಾಕುತ್ತಿದ್ದ. ಎಷ್ಟು ನಿಧಾನವಾಗಿ, ಎಷ್ಟು ಜೋಪಾನವಾಗಿ... ಅದನ್ನು ಗಮನಿಸಿದ್ದಕ್ಕೆ ಅವಳಿಗೆ ತನ್ನ ಮೇಲೇ ಸಿಟ್ಟು ಬರುತ್ತಿತ್ತು.

"ಅವನು ಬರೋ ಹೊತ್ತಿಗೇ ಯಾಕೆ ತಲೆ ಬಾಚ್ಕೊತೀಯೆ?" ಎಂದಳು ಅಮ್ಮ.

"ಕಣ್ಣಿಡೋಕೆ."

"ಕಣ್ಣಿಡೋಕೆ ಜಡೆ ಯಾಕೆ ಬೇಕು?"

ಅವಳು ಬಾಚಣಿಗೆ ಹಿಡಿದುಕೊಂಡೇ ಒಳಗೆ ಹೋದಳು.

ಶನಿವಾರ ಮೆಣಸು ತನ್ನ ಪುಟ್ಟ ಏಪ್ರನ್ ಮರೆತು ಬಿಟ್ಟುಹೋಗಿತ್ತು. ಅದೇ ನೆಪ ಸಾಕಾಯಿತು. ಇವತ್ತು ಮುಖದ ಮೇಲೇ ಕೇಳಿಬಿಡುತ್ತೇನೆ ಎಂದು ಅವಳು ಕನ್ನಡಕದ ಅಂಗಡಿಯ ಮೇಲಿನ ಮನೆಯ ಮೆಟ್ಟಿಲು ಹತ್ತಿದಳು. ಬಾಗಿಲು ತೆರೆದೇ ಇತ್ತು. ನೇರ ಎದುರಿಗೆ ಅಡುಗೆಮನೆ.

ಅವಳ ಕಾಲು ಅಲ್ಲೇ ನಿಂತುಹೋಯಿತು.

ತನ್ನ ಮನೆಯಲ್ಲಿದ್ದಂಥದೇ ಗಿಡ್ಡ ಮೇಜು. ಏಪ್ರನ್ ನೇತುಹಾಕಲು ಮಗುವಿನ ಎತ್ತರಕ್ಕೇ ಹೊಡೆದ ಮೊಳೆಗಳು. ಗೋಡೆಗೆ ತನ್ನ ಅಡುಗೆಮನೆಯ ಫೋಟೋಗಳು. ಒಂದರಲ್ಲಿ ಮೇಜು ಅರ್ಧವೇ ಇತ್ತು, ಕೆನ್ನೆಗೆ ಹಿಟ್ಟು ಮೆತ್ತಿಕೊಂಡ ಅವಳು ಮಾತ್ರ ಪೂರ್ತಿ ಇದ್ದಳು.

ನೆಲದ ಮೇಲೆ ಕೆಂಪು ಟೇಪೂ ಇತ್ತು. ಆದರೆ ಒಲೆಯ ಮುಂದೆ ಅಲ್ಲ. ಮೇಜಿನ ಸುತ್ತ, ನಾಲ್ಕೂ ಕಡೆ!

ಗೆರೆಯೊಳಗೆ ಮೆಣಸು ಮಹಾರಾಣಿಯ ಹಾಗೆ ಹಿಟ್ಟಿನ ಬಟ್ಟಲು ಹಿಡಿದು ಕೂತಿತ್ತು. ಗೆರೆಯ ಹೊರಗೆ ಮಂಡಿಯೂರಿದ ಮಾವ ಉದ್ದನೆಯ ಸೌಟಿನಲ್ಲಿ ದೂರದಿಂದಲೇ ನೀರು ಹಾಕಲು ಒದ್ದಾಡುತ್ತಿದ್ದ.

"ದಾಟಬೇಡ ಮಾವ. ಚಿಕ್ಕಮ್ಮ ಬೈತಾರೆ."

"ದಾಟಿಲ್ಲ ಕಣೇ, ಕೈ ಮಾತ್ರ..."

ಹಿಂದೆ ಒಲೆ ಉರಿಯುತ್ತಿತ್ತು, ಅದಕ್ಕೆ ಯಾವ ಗೆರೆಯೂ ಇರಲಿಲ್ಲ. ಅವಳು ಓಡಿಹೋಗಿ ಅದನ್ನು ಆರಿಸಿದಳು.

"ಏನ್ರೀ ಇದು? ಗೆರೆ ಇರೋದು ಮಗು ಒಲೆ ಹತ್ರ ಹೋಗದೇ ಇರ್ಲಿ ಅಂತ. ನೀವು ಮಗು ಹತ್ರ ಹೋಗದೇ ಇರ್ಲಿ ಅಂತಲ್ಲ."

ಆತ ಸೌಟು ಹಿಡಿದುಕೊಂಡೇ ನೆಲ ನೋಡಿದ, ಒಲೆ ನೋಡಿದ, ನಾಲಿಗೆ ಕಚ್ಚಿಕೊಂಡ.

"ನಿಮ್ಮನೆ ಕಿಟಕಿಯಿಂದ ನೋಡಿದ್ರೆ ಫ್ರಿಜ್ ಅಡ್ಡ ಬರುತ್ತೆ. ಗೆರೆ ಮಾತ್ರ ಕಾಣುತ್ತೆ, ಒಲೆ ಕಾಣಲ್ಲ... ಇವಳು ನಮ್ಮನೇಲಿ ಏನೂ ತಿನ್ನಲ್ಲ. ತಾನೇ ಮಾಡಿದ್ದಾದ್ರೆ ಮಾತ್ರ ತಿಂತಾಳೆ. ಅಮ್ಮ ಬೇಕು ಅಂತ ಅತ್ತು ಖಾಲಿ ಹೊಟ್ಟೇಲಿ ಮಲಗಿಬಿಡ್ತಿದ್ಲು. ನಿಮ್ಮನೆ ಹಾಗೇ ಮಾಡಿಕೊಟ್ರೆ ತಿಂತಾಳೇನೋ ಅಂತ..."

"ಹಾಗಾದ್ರೆ ಕಚೇರಿಗೆ ಫೋನ್ ಮಾಡಿದ್ದು?"

ಆತ ಸೌಟು ಕೆಳಗಿಟ್ಟ. "ನಿಮಗೆ ಹೇಗೆ ಗೊತ್ತು?"

ಅಂದರೆ ಇವನೇ. ಅವಳ ಕಣ್ಣು ತುಂಬಿಬಂತು. ಇಷ್ಟು ಹೊತ್ತು ಕರಗಿದ್ದೆಲ್ಲ ಮತ್ತೆ ಗಟ್ಟಿಯಾಯಿತು.

"ಮಗೂನ ಒಲೆಯಿಂದ ಎಷ್ಟು ದೂರ ಕೂರಿಸ್ಬೇಕು ಅಂತ ಕೇಳೋಕೆ ಮಾಡಿದ್ದೆ. ಇಂಥವರ ಮನೇಲಿ ಎಷ್ಟು ಚೆನ್ನಾಗಿ ಮಾಡಿಸ್ತಾರೆ ಅಂತ ಹೊಗಳಿದೆ. ಅವರು ವಿಳಾಸ ಕೇಳಿದ್ರು, ಹೇಳಿದೆ. ತೊಂದ್ರೆ ಆಯ್ತಾ?"

"ಸೋಮವಾರ ಬರ್ತಿದ್ದಾರೆ. ಪರವಾನಗಿ ಹೋಗಬಹುದು. ನನ್ನನ್ನೇ ಒಂದು ಮಾತು ಕೇಳಿದ್ರೆ ಏನಾಗ್ತಿತ್ತು ನಿಮಗೆ?"

"ಕೇಳೋಕೇ ಅಲ್ವಾ ದಿನಾ ಬೇಗ ಬರ್ತಿದ್ದದ್ದು..." ಆತ ತಲೆ ಎತ್ತಲಿಲ್ಲ. "ನಿಮ್ಮ ಮುಖ ನೋಡಿದ ತಕ್ಷಣ ಬಾಯಿ ಕಟ್ಟಿಹೋಗುತ್ತೆ. ಬಾಯಿಗೆ ಬರ್ತಿದ್ದದ್ದು ಚಾಕು ವಿಷಯ ಒಂದೇ."

ಅವಳಿಗೆ ನಗು, ಅಳು ಎರಡೂ ಒಟ್ಟಿಗೇ ಬಂದವು. ನಗಲಿಲ್ಲ. ಬಾಗಿ ಟೇಪು ಕಿತ್ತು, ಒಲೆಯ ಮುಂದೆ ಅಂಟಿಸಿಕೊಟ್ಟು ಹೊರಟುಬಂದಳು.

ಸೋಮವಾರ ಆತ ಅಂಗಡಿ ಮುಚ್ಚಿ ಬಂದು ಜಗಲಿಯಲ್ಲಿ ಕೂತ. ಕಚೇರಿಯ ಅಧಿಕಾರಿ ಹೆಂಗಸು ಬಂದಾಗ ಎದ್ದು ನಿಂತು, ಫೋನು ಮಾಡಿದ್ದು ತಾನೇ, ಅದು ದೂರಲ್ಲ ಎಂದು ಹೇಳಿದ. ತನ್ನ ಮನೆಯ ತಪ್ಪು ಗೆರೆಯ ಕಥೆಯನ್ನೂ ನಾಚಿಕೆ ಬಿಟ್ಟು ಒಪ್ಪಿಸಿದ. ಆಕೆ ನಗಲಿಲ್ಲ.

"ಒಳಗೆ ನೋಡ್ತೀನಿ," ಎಂದು ಸೀದಾ ಅಡುಗೆಮನೆಗೆ ನಡೆದಳು. ಒಲೆಯ ಮೇಲೆ ತರಕಾರಿ ಕುದಿಯುತ್ತಿತ್ತು. ಆಕೆ ಮುಚ್ಚಳ ತೆಗೆಯಲು ಕೈ ಚಾಚಿ ಮುಂದೆ ಬಂದದ್ದೇ ತಡ, ಮೇಜಿನಿಂದ ಒಂದು ಗಡಸು ದನಿ ಬಂತು.

"ಆಂಟಿ, ಗೆರೆ."

ಮೆಣಸು. ಉಳಿದ ಮಕ್ಕಳೂ ಕೆಲಸ ನಿಲ್ಲಿಸಿ ಆಕೆಯ ಪಾದವನ್ನೇ ನೋಡುತ್ತಿದ್ದರು. ಆಕೆ ಚಾಚಿದ ಕೈಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡಳು.

"ಕೈ ತೊಳ್ದಿಲ್ಲ. ಚಿಕ್ಕಮ್ಮ ಬಾ ಅಂದಿಲ್ಲ," ಎಂದು ಮೆಣಸು ವಿವರಿಸಿತು.

"ತಪ್ಪಾಯ್ತಮ್ಮ," ಎಂದಳು ಅಧಿಕಾರಿ. ಮತ್ತೆ ಚಿಕ್ಕಮ್ಮನ ಕಡೆ ತಿರುಗಿದಳು. "ಪರವಾನಗಿಗೆ ತೊಂದ್ರೆ ಇಲ್ಲ, ನಡೆಸಿ. ನಮ್ಮ ಕಚೇರಿಯವರೂ ಬಂದು ಒಮ್ಮೆ ನೋಡಿ ಕಲೀಲಿ."

ಆಕೆ ಹೋದ ಮೇಲೆ ಅಮ್ಮ ಮಕ್ಕಳನ್ನು ಊಟಕ್ಕೆ ಕೂರಿಸಿದಳು. ಅವಳು ಒಲೆಯ ಮುಂದೆ ನಿಂತಿದ್ದಳು. ಇಷ್ಟು ದಿನ ಎದೆಯಲ್ಲಿ ಹೊತ್ತಿದ್ದ ಭಾರ ಇಳಿದಿತ್ತು. ಆ ಜಾಗಕ್ಕೆ ಬಂದದ್ದು ಏನೆಂದು ಅವಳಿಗೆ ಗೊತ್ತಿತ್ತು, ಒಪ್ಪಿಕೊಳ್ಳುವುದಷ್ಟೇ ಬಾಕಿ.

ಆತ ಬಾಗಿಲಿನಿಂದ ಬಂದು ಗೆರೆಯ ಈಚೆಗೇ ನಿಂತ.

"ನನ್ನ ಮೇಲೆ ಇನ್ನೂ ಅನುಮಾನ ಇದೆಯಾ?"

"ಇದೆ. ಆ ಫೋಟೋದಲ್ಲಿ ಮೇಜು ಯಾಕೆ ಅರ್ಧ ಇದೆ?"

"ಮೇಜಿನ ಫೋಟೋ ತೆಗೆಯೋಕೆ ಅಂತಾನೇ ಕಿಟಕಿ ಹತ್ರ ಹೋಗಿದ್ದು. ನೀವು ಕಾಣಿಸಿದ್ರಿ. ಆಮೇಲೆ ಮೇಜು ನೆನಪಾಗ್ಲಿಲ್ಲ... ನನಗೆ ನೀವು ಬೇಕು ಅನ್ಸುತ್ತೆ. ದಿನಾ."

ಒಲೆಯ ಮೇಲಿನ ಪಾತ್ರೆ ಕುದಿಯುತ್ತಲೇ ಇತ್ತು. ಅವಳು ಉರಿ ತಗ್ಗಿಸಿದಳು.

"ಕೈ ತೊಳ್ದಿದ್ದೀರಾ?"

ಆತ ಎರಡೂ ಕೈ ಚಾಚಿ, ಹಿಂದೆ ಮುಂದೆ ತಿರುಗಿಸಿ ತೋರಿಸಿದ. ಬೆರಳುಗಳಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.

"ಬಾ," ಎಂದಳು ಅವಳು.