ಅರೆನೆರಳಿಗೆ ನಡೀತೈತಿ

‘ಇವತ್ತೂ ನನ್ನ ಬಾಯಿಂದ ಅದೇ ಮಾತು ಬಂದರೆ?’

ಬೆಳಿಗ್ಗೆ ಡೈರಿಯಲ್ಲಿ ಇಷ್ಟೇ ಬರೆದು ಮುಚ್ಚಿಟ್ಟಿದ್ದಳು ಮೃಣಾಲಿನಿ. ಈಗ ಸಿಕಂದರಾಬಾದಿನ ಗಿಡಗಳ ನರ್ಸರಿಯಲ್ಲಿ ಮಿಲಿಂದನ ಎದುರು ನಿಂತಾಗಲೂ ತಲೆಯಲ್ಲಿ ಅದೇ ಪ್ರಶ್ನೆ...

ಹದಿನೈದು ದಿನಗಳ ಹಿಂದೆ ಅವಳನ್ನು ನೋಡಲು ಬಂದಿದ್ದವನು ಅವನೇ. "ಹುಡುಗ ಹೆಂಗ ಅದಾನವ್ವಾ?" ಎಂದು ಅಪ್ಪ ಕೇಳಿದಾಗ ನಾಚಿಕೆಯಲ್ಲಿ ಅವಳು ಅಂದದ್ದು, "ನಡೀತೈತಿ." ಅವಳ ಮಟ್ಟಿಗೆ ಅದು ಹೂಂ ಎನ್ನುವುದಕ್ಕಿಂತ ದೊಡ್ಡ ಹೂಂ. ಆದರೆ ಆ ಒಂದು ಮಾತು ಅವನ ಕಿವಿಗೂ ಬಿದ್ದಿತ್ತು!

ಇಂದು ಅವನ ತಾಯಿ ಸುಂದರಾಬಾಯಿಯೇ ಇಬ್ಬರನ್ನೂ ಕಳಿಸಿದ್ದರು. ಯುಗಾದಿಯೊಳಗೆ ಹೊಸ ಮನೆಯ ಅಂಗಳಕ್ಕೆ ಬಣ್ಣದೆಲೆಯ ಗಿಡ ಬೇಕು. ಆರಿಸುವವಳು ಆ ಮನೆಗೆ ಬರುವವಳೇ ಆಗಬೇಕು.

"ಕ್ರೋಟನ್?" ಮಿಲಿಂದ ಕೇಳಿದ. ಕೊರಳಲ್ಲಿ ಸಾಫ್ಟ್‌ವೇರ್ ಕಂಪನಿಯ ಐಡಿ ಕಾರ್ಡ್ ಇನ್ನೂ ತೂಗುತ್ತಿತ್ತು.

"ನಡೀತೈತಿ."

"ಕೋಲಿಯಸ್?"

"ಅದೂ... ನಡೀತೈತಿ."

"ಈ ಒಡಕು ಕುಂಡ?"

"ನಡೀ..." ಅವಳು ನಾಲಿಗೆ ಕಚ್ಚಿಕೊಂಡಳು.

"ಅರೆ ಯಾರ್!" ಮಿಲಿಂದ ಎರಡೂ ಕೈ ಮೇಲೆತ್ತಿದ. "ಗಿಡಾನೂ ನಡೀತೈತಿ, ಕುಂಡಾನೂ ನಡೀತೈತಿ, ನಾನೂ ನಡೀತೈತಿ! ಹೈಟೆಕ್ ಸಿಟಿಯಿಂದ ಮೀಟಿಂಗ್ ಬಿಟ್ಟು ಬಂದೀನ್ರಿ. ಮನಸ್ಸಿಲ್ಲಂದ್ರ ಸೀದಾ ಹೇಳ್ರಿ. ಸಂಜಿಕ ಅವ್ವಗ ಈ ಸಂಬಂಧ ಬ್ಯಾಡ ಅಂತ ನಾನ ಹೇಳ್ತೀನಿ."

ಬ್ಯಾಡ!

ಅವಳ ಕಣ್ಣು ತುಂಬಿತು. ‘ಅಯ್ಯೋ, ಇಷ್ಟು ಓದಿದವನಿಗೆ ಇಷ್ಟೂ ತಿಳಿಯುವುದಿಲ್ಲವೇ!’

ನೀರು ಹಾಯಿಸುತ್ತಿದ್ದ ಯಾದಗಿರಿ ಕಡೆಯ ಮಾಲಿ ಮೌನಪ್ಪ ಕಿಸಕ್ಕನೆ ನಕ್ಕ. "ಸಾಹೇಬ್ರ, ನಮ್ಮ ಮನ್ಯಾಕಿ ಇಪ್ಪತ್ತು ವರ್ಷದಿಂದ ನನಗ ನಡಿಯಂಗಿಲ್ಲ ಅಂತಾಳ. ನಿಮ್ಮ ನಸೀಬ ಭಾಳ ಚಲೋ ಐತಿ ಬಿಡ್ರಿ!"

ಮಿಲಿಂದ ನಗಲಿಲ್ಲ. ಸಿಟ್ಟಿನಿಂದಲೇ ಎರಡು ಕ್ರೋಟನ್ ಎತ್ತಿಕೊಂಡು ಆಟೋದತ್ತ ನಡೆದ.

"ನಡಿಯಂಗಿಲ್ಲ!"

ಅದು ತನ್ನದೇ ದನಿ ಎಂದು ಮೃಣಾಲಿನಿಗೂ ನಂಬಿಕೆಯಾಗಲಿಲ್ಲ.

"ಅದಕ್ಕ ಬಿಸಿಲು ಬೇಕ್ರಿ. ನಿಮ್ಮ ಅಂಗಳದಾಗ ಬೇವಿನ ಗಿಡ ಐತಿ, ಮುಂಜಾನಿ ಹತ್ತರ ತನಕ ಅಷ್ಟ ಬಿಸಿಲು, ಆಮ್ಯಾಲ ನೆರಳು. ಕ್ರೋಟನ್ ಬಣ್ಣ ಕಳಕೊಂಡು ಬರೇ ಹಸರಾಗ್ತಾವ. ಅರೆನೆರಳಿಗೆ ಕ್ಯಾಲೇಡಿಯಂ ಹಚ್ಚಬೇಕು. ನೋಡ್ರಿ, ಗಡ್ಡಿ ಈಗಷ್ಟ ಮೊಳಕಿ ಒಡದಾವ..."

ಅವಳು ತೋರಿಸಿದ ಕುಂಡದಲ್ಲಿ ಗುಲಾಬಿ ಬಣ್ಣದ ಎಲೆಯೊಂದು ಇನ್ನೂ ಸುರುಳಿ ಬಿಚ್ಚದೆ ಮಣ್ಣಿನಿಂದ ತಲೆ ಎತ್ತಿತ್ತು.

ಮಿಲಿಂದ ಕೈಯಲ್ಲಿದ್ದ ಗಿಡಗಳನ್ನು ಕೆಳಗಿಟ್ಟ. "ಹತ್ತರ ತನಕ ಅಂತ ನಿಮಗ ಹೆಂಗ ಗೊತ್ತು? ನಮ್ಮ ಮನಿ ನೋಡಾಕ ಬಂದಾಗ ಅಂಗಳದಾಗ ಒಂದು ತಾಸು ಕುಂತಿದ್ರಿ. ತಲಿ ಸುದ್ದಾ ಎತ್ತಲಿಲ್ಲ!"

"ತಲಿ ತಗ್ಗಿಸಿದ್ದಕ್ಕ ನೆರಳು ಕಾಣ್ತು... ಅದು ಸರಕೋತ ಬಂದು ನಿಮ್ಮ ಪಾದ ಮುಟ್ಟಿದಾಗ ಒಳಗ ಗಡಿಯಾರ ಹತ್ತು ಹೊಡೀತು."

ಮೌನಪ್ಪನ ಪೈಪಿನ ನೀರು ಒಂದೇ ಕುಂಡದಲ್ಲಿ ತುಂಬಿ ಹೊರಚೆಲ್ಲುತ್ತಿತ್ತು.

"ಮತ್ತ ನಾನು?" ಮಿಲಿಂದ ಮೆಲ್ಲಗೆ ಕೇಳಿದ. "ನಾನೂ ಬರೇ... ನಡೀತೈತಿ?"

ಅವಳು ತಲೆ ಎತ್ತಿದಳು. ಮೊದಲ ಸಲ, ಅವನ ಕಣ್ಣಲ್ಲೇ ಕಣ್ಣಿಟ್ಟು.

"ಅಲ್ಲ್ರಿ... ಬೇಕು. ನನಗ ನೀವ ಬೇಕು."