ಅವನು ಓದದ ಚಿತ್ರ

ಸ್ಕ್ಯಾನಿಂಗ್ ಕೋಣೆಯ ಮಬ್ಬುಬೆಳಕಿನಲ್ಲಿ ಡಾಕ್ಟರ್ ಅವಳ ಕಿಬ್ಬೊಟ್ಟೆಯ ಮೇಲೆ ಉಪಕರಣವನ್ನು ಇಟ್ಟ. ಪರದೆಯ ಮೇಲೆ ಏನೋ ಮೂಡಿತು. ನೋವಾಗುತ್ತಿದೆಯೇ ಎಂದು ಕೇಳಲು ಅವನು ತಿರುಗಿದ.

ಅವಳ ಮುಖ ಕಂಡದ್ದೇ ಅವನ ಕೈ ನಿಂತಿತು. ಅವಳಿಗೂ ಗುರುತು ಸಿಕ್ಕಿತು.

ವಾರ ವಾರವೂ ಬಿಳಿ ಕೋಟಿಗೆ ಗುಂಡಿ ಹಾಕಿಸಿಕೊಳ್ಳಲು ಅವಳ ಹೊಲಿಗೆ ಅಂಗಡಿಗೆ ಬರುತ್ತಿದ್ದವನು... ಇವನೇ!

“ಬೇರೆ ಡಾಕ್ಟರು ಬರ್ತಾರೆ” ಎಂದಷ್ಟೇ ಹೇಳಿ, ಪರದೆ ಆರಿಸಿ ಹೊರಟುಹೋದ.

‘ಏನೋ ಕಂಡಿದ್ದಾನೆ’ ಎಂದುಕೊಂಡಳು.

ಆಮೇಲೆ ಬಂದ ಹಿರಿಯ ಡಾಕ್ಟರಮ್ಮ ಅಂಡಾಶಯದಲ್ಲಿ ಗಡ್ಡೆಯಿದೆ, ಎಂ.ಆರ್.ಐ. ಮಾಡಿಸದೆ ಏನೂ ಹೇಳಲಾಗದು ಎಂದರು. ಮನೆಗೆ ಬರುವ ದಾರಿಯಲ್ಲಿ, ಜೊತೆಗೆ ಬಂದಿದ್ದ ಅತ್ತಿಗೆ ಸುಮ್ಮನಿರಲಿಲ್ಲ. “ಗುಂಡಿಯ ನೆವದಲ್ಲಿ ಸುಳಿಯುತ್ತಿದ್ದವನು ಗಡ್ಡೆ ಕಂಡದ್ದೇ ಕಾಲಿಗೆ ಬುದ್ಧಿ ಹೇಳಿದ, ನೋಡು.”

ಅವನು ಮತ್ತೆ ಅಂಗಡಿಗೆ ಬರಲಿಲ್ಲ. ಒಮ್ಮೆ ಎದುರಿನ ರಸ್ತೆಯಲ್ಲಿ ಕಂಡ. ಇವಳು ತಲೆಯೆತ್ತುತ್ತಲೇ ತಿರುಗಿ ನಡೆದ. ಅವಳ ಎದೆಯೊಳಗೆ ಅನುಮಾನದ ಹುಳು ಕೊರೆಯತೊಡಗಿತು. ಗಡ್ಡೆ ಕೆಟ್ಟದ್ದೇ ಇರಬೇಕು. ಮನುಷ್ಯನೂ ಅಂಥವನೇ ಇರಬೇಕು.

ಆ ಕೋಣೆಗಳಿಂದ ಎಲ್ಲರೂ ಹಗುರಾಗಿ ಹೊರಬರುವುದಿಲ್ಲ. ಭಗವಂತ ಅವಳನ್ನು ಕೈಬಿಡಲಿಲ್ಲ.

ಡಾಕ್ಟರಮ್ಮ ಎಂ.ಆರ್.ಐ.ಯ ಎರಡು ಚಿತ್ರಗಳನ್ನು ತೋರಿಸಿದರು. ಒಂದರಲ್ಲಿ ಬೆಳ್ಳಗಿದ್ದ ಭಾಗ, ಕೊಬ್ಬನ್ನು ಮರೆಮಾಡಿ ತೆಗೆದ ಇನ್ನೊಂದರಲ್ಲಿ ಕಪ್ಪಾಗಿತ್ತು. ಒಳಗಿರುವುದು ಕೊಬ್ಬು, ಇಂಥ ಗಡ್ಡೆ ಸಾಮಾನ್ಯವಾಗಿ ಕೆಟ್ಟದ್ದಲ್ಲ, ತೆಗೆದು ಪರೀಕ್ಷೆಗೆ ಕಳಿಸಬೇಕು, ಅಂಡಾಶಯ ಉಳಿಯಬಹುದು ಎಂದರು.

ಅವಳು ಚಿತ್ರಗಳಿಂದ ಕಣ್ಣು ತೆಗೆಯದೆ ಕೇಳಿದಳು.

“ಅವತ್ತು ಅವರು ಇದನ್ನು ನೋಡಿಯೇ ಓಡಿಹೋದರಲ್ಲವಾ?”

ಡಾಕ್ಟರಮ್ಮ ನಕ್ಕರು. “ನೋಡಬಾರದು ಅಂತಲೇ ಹೋದ ಕಣಮ್ಮ. ನಮ್ಮವರ ಚಿತ್ರ ನಾವು ಓದಲ್ಲ. ಆಸೆ ಕಣ್ಣಿಗೆ ಅಡ್ಡ ಬರುತ್ತೆ. ‘ಒಳಗಿರೋದು ನಮ್ಮವಳು, ನೀವೇ ನೋಡಿ’ ಅಂತ ಬಂದು ನಿಂತ. ಇವತ್ತಿಗೂ ಏನಾಯ್ತು ಅಂತ ಕೇಳಿಲ್ಲ.”

ನಮ್ಮವಳು... ತನಗೇ ಹೇಳದೆ!

ಸಿಟ್ಟೂ ಬಂತು, ಅಳುವೂ ಬಂತು.

ಹೊರಗೆ ಗೋಡೆಗೆ ಒರಗಿ ಅವನು ನಿಂತಿದ್ದ. ಕೋಟಿಗೆ ಒಂದು ಗುಂಡಿ ಇರಲಿಲ್ಲ.

“ಅಂಗಡಿಗೆ ಯಾಕೆ ಬರಲಿಲ್ಲ?”

“ಬಂದಿದ್ರೆ ನನ್ನ ಮುಖದಲ್ಲಿ ನೀವು ಉತ್ತರ ಹುಡುಕ್ತಿದ್ರಿ. ನನಗೆ ಗೊತ್ತಿದ್ದದ್ದು ಭಯ ಒಂದೇ.”

ಅವಳು ಕಣ್ಣೊರೆಸಿಕೊಂಡು, ಕೆಟ್ಟದ್ದಲ್ಲವಂತೆ ಎಂದಳು. ಅವನು ಮುಖ ಮುಚ್ಚಿಕೊಂಡ. ಅವಳ ಕಣ್ಣು ಅವನ ಕೋಟಿನ ಮೇಲೆ ಹೋಯಿತು.

“ಗುಂಡಿ ಬಿದ್ದದ್ದೋ, ಕಿತ್ತದ್ದೋ?”

“ಕಿತ್ತದ್ದೇ. ಮೊದಲಿನಿಂದಲೂ.”

ಅವಳು ಅಂಗೈ ಚಾಚಿದಳು. “ಕೊಡಿ. ಇನ್ನು ಕಿತ್ತರೂ ಬರದ ಹಾಗೆ ಹೊಲಿಯುತ್ತೇನೆ.”

“ಮತ್ತೆ ಬರೋಕೆ ನೆವ?”

“ನಮ್ಮವರಿಗೆ ನೆವ ಯಾಕೆ?”