ಸೀನಬಾರದ ಹೊತ್ತು

"ಮೂಗು ಬಿಟ್ಟು ಮಾತಾಡೇ, ನಿನ್ಸೀಮಾ! ಕಪ್ಪೆ ಮಾತಾಡಿದ ಹಾಗೆ ಕೇಳತ್ತೆ," ಅಂದ ಪಕ್ಕದ ಮನೆಯ ಅಕಾಂಕ್ವಾಸ.

"ಬಿಟ್ಟರೆ ಸೀನು ಬಂದ್‌ಬಿಡತ್ತೆ ಕಣೋ!"

ದಿಬ್ಬದ ಮೇಲೆ ಗಂಟೆ ಮೊಳಗುತ್ತಲೇ ಇತ್ತು. ಬ್ವಿಂಡಿ ಕಾಡಿನಿಂದ ಗೊರಿಲ್ಲಾಗಳು ಇಳಿದಿವೆ ಎಂದು ಅದರ ಅರ್ಥ. ಇವತ್ತು ಅವು ಇಳಿದದ್ದು ನಿನ್ಸೀಮಾಳ ಮನೆಯ ಹಿಂದಿನ ಬಾಳೆತೋಟಕ್ಕೇ!

ಕ್ಲಾಸಿನಲ್ಲಿ ಗೊರಿಲ್ಲಾ ನೋಡದೆ ಉಳಿದವಳು ಅವಳೊಬ್ಬಳೇ. ಕಾಡಿನೊಳಗೆ ಹೋಗಿ ನೋಡಲು ಹದಿನೈದು ವರ್ಷ ತುಂಬಿರಬೇಕು. ಅವಳಿಗೆ ಹತ್ತು. ಅವೇ ಊರಿಗೆ ಬಂದಾಗ ಒಂದು ಸಲ ಅವಳು ಅಜ್ಜಿಯ ಮನೆಯಲ್ಲಿದ್ದಳು. ಇನ್ನೊಂದು ಸಲ ಕಕ್ಕಸಿನಲ್ಲಿದ್ದಳು. ಇದನ್ನು ಅಕಾಂಕ್ವಾಸ ಇಡೀ ಸ್ಕೂಲಿಗೆ ಹೇಳಿದ್ದ.

"ವಿಮಾನದಲ್ಲಿ ಸಮುದ್ರ ದಾಟಿ ಬಂದವರೆಲ್ಲ ನೋಡ್ಕೊಂಡು ಹೋದ್ರು. ಇವಳಿಗೆ ಹಿತ್ತಲು ದಾಟೋಕಾಗ್ಲಿಲ್ಲ," ಎಂದು ಈಗಲೂ ಕಿಚಾಯಿಸಿದ.

ತೋಟದ ಅಂಚಿನಲ್ಲಿ ಸೇರಿದ್ದ ಮಕ್ಕಳ ಮುಂದೆ ನಿನ್ಸೀಮಾಳ ಚಿಕ್ಕಪ್ಪ ಬ್ಯಾರುಹಂಗ ನಿಂತಿದ್ದ. ಗೊರಿಲ್ಲಾಗಳನ್ನು ನೋಯಿಸದೆ ಮೆಲ್ಲಗೆ ಕಾಡಿಗೆ ತಿರುಗಿಸುವ ಊರಿನ ತಂಡದಲ್ಲಿ ಅವನೂ ಒಬ್ಬ.

"ಯಾರಿಗಾದ್ರೂ ನೆಗಡಿ, ಕೆಮ್ಮು ಇದ್ಯಾ? ಇದ್ರೆ ಮನೆಗೆ ನಡೀರಿ," ಎಂದ. "ನಮ್ಮ ನೆಗಡಿ ಅವಕ್ಕೆ ಅಂಟತ್ತೆ. ನಮಗಾದ್ರೆ ಮೂಗು ಸೋರಿ ಸುಮ್ಮನಾಗತ್ತೆ, ಅವು ಸತ್ತೇ ಹೋಗ್ಬಹುದು. ಆಮೇಲೆ ಮಾತ್ರೆ ನುಂಗಿಸೋಕೆ ಯಾರು ಹೋಗ್ತೀರಿ? ನೀನಾ, ಅಕಾಂಕ್ವಾಸ?"

ಅಕಾಂಕ್ವಾಸ ನಿನ್ಸೀಮಾಳನ್ನು ನೋಡಿದ. ಅವಳು ಕಣ್ಣಲ್ಲೇ ಬೇಡಿಕೊಂಡಳು. ಅವನು ಆಕಾಶ ನೋಡತೊಡಗಿದ.

"ನಂಗೇನೂ ಇಲ್ಲ, ಚಿಕ್ಕಪ್ಪ," ಎಂದಳು ನಿನ್ಸೀಮಾ, ಸ್ವೆಟರಿನ ತೋಳನ್ನು ಮೂಗಿಗೆ ಒತ್ತಿಕೊಂಡು.

"ಹಾಗಾದ್ರೆ ಮುಂದೆ ಬಾ. ಕಕ್ಕಸಿಗೆ ಹೋಗ್ಬಂದ್ಯಾ?"

ಎಲ್ಲರೂ ಬಾಯಿ ಮುಚ್ಚಿಕೊಂಡು ನಕ್ಕರು.

ಮುಂದೆ ಬಾಳೆಲೆಗಳು ಅಲ್ಲಾಡಿದವು. ಚರ್ ಎಂದು ಬಾಳೆಗಿಡ ಸೀಳಿಹೋಯಿತು. ಆಮೇಲೆ ದಿಂಡು ಅಗಿಯುವ ಸದ್ದು. ಎಲೆಗಳ ಸಂದಿಯಿಂದ ಪುಟ್ಟ ಕಪ್ಪು ಕೈಯೊಂದು ಹೊರಬಂತು. ಬೆರಳು, ಉಗುರು, ಎಲ್ಲ ಅವಳ ತಮ್ಮನದರಂತೆಯೇ.

"ಮರಿ!" ಚಿಕ್ಕಪ್ಪ ಪಿಸುಗುಟ್ಟಿದ. "ಅಲ್ಲಾಡ್ಬೇಡ. ಈ ಕಡೆನೇ ಬರ್ತಿದೆ. ಈಗ ಮುಖ ಕಾಣತ್ತೆ ನೋಡು."

ಆಗಲೇ ನಿನ್ಸೀಮಾಳ ಮೂಗಿನೊಳಗೆ ಇರುವೆ ಹರಿದಂತಾಯಿತು.

ಉಸಿರು ಹಿಡಿದಳು. ನಾಲಿಗೆ ಕಚ್ಚಿದಳು. ಕೈ ಇನ್ನಷ್ಟು ಮುಂದೆ ಬಂತು. ಇನ್ನೊಂದು ಕ್ಷಣ ನಿಂತರೆ ಸಾಕಿತ್ತು.

ಅವಳು ಮೆಲ್ಲಗೆ ಹಿಂದೆ ಸರಿದಳು. ತೋಟ ದಾಟಿದ್ದೇ ಓಡಿದಳು. ಅಡುಗೆಮನೆಗೆ ನುಗ್ಗಿ, ಬಾಗಿಲು ಹಾಕಿ, ಸೀನಿದಳು. ಮೂಲೆಯಲ್ಲಿದ್ದ ಕೋಳಿಗಳು ಹಾರಿಬಿದ್ದವು. ಮತ್ತೆ ಸೀನಿದಳು. ಮತ್ತೆ.

ಮೂಗು ಒರೆಸಿಕೊಳ್ಳುವಷ್ಟರಲ್ಲಿ ಗಂಟೆ ನಿಂತು, ತಂಡದವರ ಸದ್ದು ಕಾಡಿನ ಕಡೆ ದೂರವಾಗಿತ್ತು. ಅಕಾಂಕ್ವಾಸ ಏದುಸಿರು ಬಿಡುತ್ತ ಬಂದ.

"ಈ ಸಲನೂ ನೋಡೋದು ತಪ್ಪಿಸ್ಕೊಂಡ್ಯಲ್ಲೇ! ನೀನು ನಿಂತಿದ್ದ ಜಾಗದಲ್ಲೇ ಬಂದು ಕೂತಿತ್ತು!"

"ಸೀನಿತಾ?"

"ಯಾರು?"

"ಮರಿ."

"ಅದ್ಯಾಕೆ ಸೀನತ್ತೆ? ದಿಂಡು ತಿಂತಾ ಅವರಮ್ಮನ ಬೆನ್ನೇರಿ ಹೋಯ್ತು."

ನಿನ್ಸೀಮಾ ಗೋಡೆಗೊರಗಿ ಕುಳಿತಳು. ಅಳು ಬರಬಹುದು ಎಂದುಕೊಂಡಿದ್ದಳು, ಬರಲಿಲ್ಲ.

"ಬೆನ್ನ ಮೇಲೆ ಹೇಗೆ ಕೂತಿತ್ತು? ಹೇಳೋ."

ಅಕಾಂಕ್ವಾಸ ಉತ್ಸಾಹದಿಂದ ಅವಳ ಪಕ್ಕಕ್ಕೇ ಬಂದ.

"ಅಲ್ಲೇ ನಿಂತ್ಕೊಂಡು ಹೇಳು," ಎಂದಳು ನಿನ್ಸೀಮಾ. "ನಂಗೆ ನೆಗಡಿ."